ನಮ್ಮವರನ್ನು ಮಾಮೂಲಿ ವೇಗದಲ್ಲಿ ಹಿಂತಿರುಗಿಸಿಕೊಡುವ ಬಗ್ಗೆ

ಅರೆತೆರೆದ ಬಾಗಿಲುಗಳ ಪೋಷಕರೂ, ಪರದೆಯ ಹಿಂದೆ ನಿಂತವರ ಆಶ್ರಯದಾತರೂ, ಇಡೀ ಮನೆಗೆ ಒಂದೇ ಬಲ್ಬು ಸಾಕೆಂದು ಜಗತ್ತಿಗೆ ತೋರಿಸಿಕೊಟ್ಟವರೂ ಆದ ಮಾನ್ಯ ನಿರ್ದೇಶಕರೇ,

ತಮಗೆ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಆಫೀಸಿನ ಕಿಟಕಿಯ ಪರದೆ ಗಾಳಿಯಿಲ್ಲದಿದ್ದರೂ ಅಲುಗಾಡುತ್ತಿರಲೆಂದೂ, ಮೆಟ್ಟಿಲುಗಳು ಯಾರೂ ಹತ್ತದಿದ್ದರೂ ಕಿರುಗುಟ್ಟುತ್ತಿರಲೆಂದೂ, ತಾವು ಚಹಾ ಕುಡಿಯುವಾಗ ತಮ್ಮ ಬೆನ್ನ ಹಿಂದೆ ಸಾಕಷ್ಟು ಖಾಲಿ ಜಾಗ ಇರಲೆಂದೂ ಮನಸಾರೆ ಹಾರೈಸುತ್ತೇನೆ.

ನಾನು ಯಾರೆಂದು ತಡಮಾಡದೆ ಹೇಳಿಬಿಡುತ್ತೇನೆ, ಏಕೆಂದರೆ ತಡಮಾಡುವುದರ ಮೇಲೆಯೇ ಈ ನನ್ನ ದೂರು. ತಮ್ಮ ಹೊಸ ಚಿತ್ರದ ದೃಶ್ಯಗಳನ್ನು ಕತ್ತರಿಸಿ ಜೋಡಿಸುತ್ತಿರುವ ಸಂಕಲನಕಾರರ ಹೆಂಡತಿ ನಾನು. ಉದ್ಯೋಗದಲ್ಲಿ ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಪ್ರಕಟಣೆ ಹೇಳುವವಳು. ಯಾವ ಗಾಡಿ, ಯಾವ ಪ್ಲಾಟ್‌ಫಾರಂ, ಎಷ್ಟು ತಡ ಎಂಬುದನ್ನು ಗಾಡಿ ಬರುವ ಮೊದಲೇ ಎಲ್ಲರಿಗೂ ಕೇಳುವಂತೆ ಹೇಳುವುದು ನನ್ನ ಹೊಟ್ಟೆಪಾಡು. ಪ್ರಯಾಣಿಕರು ಉಸಿರು ಬಿಗಿಹಿಡಿದು ಕಾಯುವಂತೆ ಮಾಡುವ ಕೆಲಸವೂ ನಮ್ಮಲ್ಲಿ ಉಂಟು, ಆದರೆ ಅದನ್ನು ಗಾಡಿಗಳೇ ನೋಡಿಕೊಳ್ಳುತ್ತವೆ.

ತಮ್ಮ ಕೈಗೆ ಸಿಗುವ ಮುಂಚೆ ನಮ್ಮವರು ಮದುವೆಯ ವಿಡಿಯೋಗಳನ್ನೂ ಸೋಪಿನ ಜಾಹೀರಾತುಗಳನ್ನೂ ಕತ್ತರಿಸಿಕೊಂಡಿದ್ದರು. ಆ ಕಾಲದಲ್ಲಿ ಅವರು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿದ್ದರು, ಚಪ್ಪಲಿ ಬಿಡುತ್ತಿದ್ದರು, ಹಸಿವಾಗುತ್ತಿದೆ ಎನ್ನುತ್ತಿದ್ದರು, ಮತ್ತು ಈ ಮೂರನ್ನೂ ಇದೇ ಕ್ರಮದಲ್ಲಿ ಮಾಡುತ್ತಿದ್ದರು. ಸಂಸಾರಸುಖವೆಂದರೆ ಅದೇ ಎಂದು ನನಗೆ ತಿಳಿದಿರಲಿಲ್ಲ. ತಿಳಿಸಿಕೊಟ್ಟ ತಮಗೆ ನಾನು ಋಣಿ.

ಆಮೇಲೆ ತಾವು ಅವರನ್ನು ಕರೆಸಿಕೊಂಡು ಆ ಮೆಟ್ಟಿಲಿನ ದೃಶ್ಯ ಕೊಟ್ಟಿರಿ. ಕಥೆ ನನಗೆ ಬಾಯಿಪಾಠವಾಗಿದೆ: ನಾಯಕಿ ಮನೆಗೆ ಬರುತ್ತಾಳೆ, ಮಹಡಿಯ ಮೇಲೆ ಏನೋ ಸದ್ದಾಗುತ್ತದೆ, ಮೆಟ್ಟಿಲು ಹತ್ತುತ್ತಾಳೆ, ಕೋಣೆಯ ಬಾಗಿಲ ಹಿಡಿ ತನ್ನಷ್ಟಕ್ಕೆ ತಿರುಗುತ್ತದೆ. ಅಷ್ಟೇ. ನಾನಾದರೆ ಒಂದೇ ಪ್ರಕಟಣೆಯಲ್ಲಿ ಮುಗಿಸಿ ಮೈಕು ಆರಿಸುತ್ತಿದ್ದೆ. ನಮ್ಮವರು ಇಡೀ ಬೇಸಿಗೆ ಅದನ್ನೇ ಹಿಡಿದು ಕುಳಿತರು. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ನಾಯಕಿ ಮಾಡಿ, ನೀರಿನ ಲೋಟವನ್ನು ಕೊಲೆಗಾರನನ್ನಾಗಿ ಮಾಡಿ, ತಮ್ಮಿಂದ ಕಲಿತ ವಿದ್ಯೆಯನ್ನು ನಮಗೂ ಧಾರೆಯೆರೆದರು. ಪರದೆಯ ಕೆಳಗಿರುವ ಬೂಟುಗಳನ್ನು ಪ್ರೇಕ್ಷಕರಿಗೆ ಮೊದಲೇ ತೋರಿಸಿಬಿಡಬೇಕಂತೆ, ನಾಯಕಿಗೆ ತೋರಿಸಬಾರದಂತೆ. ಆಗ ಅವಳು ಸುಮ್ಮನೆ ತಲೆ ಬಾಚಿಕೊಂಡರೂ ನೋಡುವವರ ಜೀವ ಬಾಯಿಗೆ ಬರುತ್ತದಂತೆ. ನಮ್ಮ ಅತ್ತೆಯವರು ಇದನ್ನು ಗಮನವಿಟ್ಟು ಕೇಳಿ, "ಅಷ್ಟೊಂದು ಜನ ನೋಡಿದ್ದಾರಲ್ಲ, ಒಬ್ಬರಾದ್ರೂ ಆ ಹುಡುಗಿಗೆ ಹೇಳಬಾರದಾ?" ಎಂದು ಕೇಳಿದರು. ನಮ್ಮವರು ನಕ್ಕುಬಿಟ್ಟರು. ತಮ್ಮ ಕಲೆಯ ಬಗ್ಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾನಂತೂ ಇದುವರೆಗೆ ಕೇಳಿಲ್ಲ.

ವಿದ್ಯೆ ಮೇಜಿನ ಮೇಲೇ ಉಳಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅದು ಇಳಿದು ಮನೆಯೆಲ್ಲ ಓಡಾಡತೊಡಗಿತು. ಮೊದಲು ನಡುಮನೆಯ ಬಲ್ಬುಗಳನ್ನು ಕಳಚಿ, ಒಂದನ್ನು ಮಾತ್ರ ನೆಲದ ಮೇಲಿಟ್ಟರು. ಬೆಳಕು ಕೆಳಗಿನಿಂದ ಬಂದರೆ ಪರಿಚಿತ ಮುಖವೂ ಅಪರಿಚಿತವಾಗುತ್ತದೆಂದು ಅದರ ಉದ್ದೇಶ. ಉದ್ದೇಶ ಎಷ್ಟು ಚೆನ್ನಾಗಿ ಈಡೇರಿತೆಂದರೆ, ಅತ್ತೆಯವರು ಚಾವಣಿಯ ಮೇಲೆ ಬಿದ್ದ ತಮ್ಮದೇ ನೆರಳನ್ನು ಯಾರೋ ದಪ್ಪಗಿನ ಹೆಂಗಸು ನುಗ್ಗಿದಳೆಂದು ಭಾವಿಸಿ ಬಾಯಿಗೆ ಬಂದಂತೆ ಬೈದರು. ಆಮೇಲೆ ಮೌನದ ಸರದಿ. ಹಿನ್ನೆಲೆ ಸಂಗೀತವನ್ನು ತಟ್ಟನೆ ನಿಲ್ಲಿಸಿದರೆ ಆ ಮೌನವೇ ಹೆದರಿಸುತ್ತದೆ ಎಂದು ತಾವು ಹೇಳಿದ್ದಿರಂತೆ. ನಮ್ಮ ಮನೆಯಲ್ಲಿ ಹಿನ್ನೆಲೆ ಸಂಗೀತವೆಂದರೆ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಒಂದೇ, ಆದ್ದರಿಂದ ಅದರ ಪ್ಲಗ್ಗು ಕಿತ್ತರು. ಹಾಲು ಒಡೆಯಿತು, ಮೊಸರು ಹುಳಿಯಾಯಿತು. ಮಾರನೆಯ ದಿನ ಫ್ರಿಜ್ಜಿನ ಬಾಗಿಲು ತೆರೆದಾಗ, ತಾವು ಹೇಳಿದ ಭಯ ನಿಜಕ್ಕೂ ಹುಟ್ಟಿತೆಂದು ಇಲ್ಲಿ ದಾಖಲಿಸಲು ಸಂತೋಷಪಡುತ್ತೇನೆ.

ಬೆಕ್ಕಿನ ವಿಷಯವನ್ನೂ ತಮ್ಮ ಗಮನಕ್ಕೆ ತರಬೇಕು. ಮೊದಲು ಒಂದು ಸುಳ್ಳು ಭಯ ಹುಟ್ಟಿಸಿ, ನೋಡುವವರು ಉಸ್ಸೆಂದು ಹಗುರವಾದ ಕೂಡಲೇ ನಿಜವಾದ ಭಯವನ್ನು ಬಿಡಬೇಕೆಂಬ ತಮ್ಮ ಸೂತ್ರವನ್ನು ಪರೀಕ್ಷಿಸಲು ನಮ್ಮವರು ಪಕ್ಕದ ಮನೆಯ ಬೆಕ್ಕನ್ನು ತಂದು ಬಟ್ಟೆಯ ಬೀರುವಿನಲ್ಲಿ ಕೂರಿಸಿದರು. ಅತ್ತೆಯವರು ಸೀರೆ ತೆಗೆಯಲು ಬಾಗಿಲು ತೆರೆದರು, ಬೆಕ್ಕು ಅವರ ಹೆಗಲ ಮೇಲಿಂದ ಹಾರಿ ಹೋಯಿತು. ನಮ್ಮವರು ತಾಯಿಗೆ ನೀರು ಕೊಟ್ಟು, ಇದು ಸುಳ್ಳು ಭಯ, ನಿಜವಾದದ್ದು ಇನ್ನು ಮುಂದೆ ಬರುತ್ತದೆ ಎಂದು ಪ್ರಾಮಾಣಿಕವಾಗಿ ತಿಳಿಸಿ ಕೆಲಸಕ್ಕೆ ಹೊರಟುಹೋದರು. ಅತ್ತೆಯವರು ಇಡೀ ದಿನ ಸೌಟು ಹಿಡಿದು ನಿಜವಾದದ್ದಕ್ಕೆ ಕಾದರು. ಸಂಜೆ ಹಿತ್ತಲ ಬಾಗಿಲಿನಿಂದ ಬಂದವರು ನನ್ನ ನಾದಿನಿಯ ಗಂಡ. ಅವರು ಬೇಕರಿಯವರು, ಇರುವೆಗೂ ದಾರಿ ಬಿಟ್ಟುಕೊಡುವ ಮನುಷ್ಯ. ತುಂಬು ಬಸುರಿಯಾದ ಹೆಂಡತಿಗೆ ತವರಿನಿಂದ ಹಳೆಯ ಮೆತ್ತನೆ ಬಟ್ಟೆಗಳನ್ನು ಒಯ್ಯಲು ಬಂದಿದ್ದರು, ಅತ್ತೆಗೆಂದು ಕೇಕೂ ತಂದಿದ್ದರು. ಸೌಟು ಮೊದಲು ಅವರಿಗೆ ತಗುಲಿತು, ಆಮೇಲೆ ಕೇಕಿಗೆ.

ಆ ಬೇಕರಿಯವರು ಏಟು ಮರೆತು, ಪಾಸ್‌ಪೋರ್ಟಿಗೆ ಒಂದು ಫೋಟೋ ತೆಗೆದುಕೊಡಿ ಎಂದು ಭಾವನನ್ನೇ ಕೇಳಿದ್ದು ಅವರ ದೊಡ್ಡ ಗುಣ. ನಮ್ಮವರು ಅವರನ್ನು ಚಿತ್ರದ ಎಡಮೂಲೆಗೆ ಒತ್ತಿ ನಿಲ್ಲಿಸಿ, ಉಳಿದ ಜಾಗವನ್ನೆಲ್ಲ ಹಿಂದಿನ ಕತ್ತಲೆ ಓಣಿಗೆ ಬಿಟ್ಟುಕೊಟ್ಟರು. ಬೆನ್ನ ಹಿಂದೆ ಖಾಲಿ ಜಾಗವಿದ್ದರೆ ಅಲ್ಲಿಂದ ಏನೋ ಬರುತ್ತದೆಂದು ಕಣ್ಣು ಕಾಯುತ್ತದೆಯಂತೆ. ಕಚೇರಿಯ ಗುಮಾಸ್ತರು ಆ ಫೋಟೋವನ್ನು ಬಹಳ ಹೊತ್ತು ನೋಡಿದರಂತೆ. ಕೊನೆಗೆ, "ಹಿಂದೆ ಇರೋರದ್ದೂ ಅರ್ಜಿ ತನ್ನಿ" ಎಂದು ಹೇಳಿ ಕಳಿಸಿದರಂತೆ.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಮಾತು. ಮೊದಲು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ ಸುದ್ದಿಯನ್ನು ಈಗ ಕತ್ತರಿಸಿ, ಮುಖ್ಯವಾದ ತುಂಡನ್ನು ಹಿಂದಕ್ಕೆ ಹಿಡಿಯತೊಡಗಿದರು. ನಿನ್ನ ತಾಯಿಯ ಫೋನು ಬಂದಿತ್ತು ಎನ್ನುವರು. ಸುಮ್ಮನಾಗುವರು. ಕಿಟಕಿಯ ಹೊರಗೆ ನೋಡುವರು. ಒಂದು ವಿಷಯ ಹೇಳಿದರು ಎಂದು ಇನ್ನಷ್ಟು ಮೆಲ್ಲಗೆ ಹೇಳಿ, ಕೈ ತೊಳೆಯಲು ಹೊರಟುಬಿಡುವರು. ಬಚ್ಚಲಿನಿಂದ ನಲ್ಲಿಯ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿರುವುದು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಕಳೆದುಕೊಂಡು ಅತ್ತು ಮುಗಿಸಿರುತ್ತಿದ್ದೆ. ವಿಷಯವೇನೆಂದರೆ ನಮ್ಮಮ್ಮನಿಗೆ ಕುಕ್ಕರಿನ ರಬ್ಬರು ಬೇಕಿತ್ತು. ನಾನು ಕೋಪಿಸಿಕೊಂಡರೆ, ಮಾತಿಗಿಂತ ಮಾತಿನ ಮುಂಚಿನ ಜಾಗವೇ ಮುಖ್ಯ ಎಂದು ತಮ್ಮ ಹೆಸರು ಹೇಳಿ ಕಣ್ಣು ಅರಳಿಸುತ್ತಿದ್ದರು. ಕ್ರಮೇಣ ನಾವು ಅವರ ಮೌನಗಳಿಗೆ ಕಿವಿಗೊಡುವುದನ್ನೇ ಬಿಟ್ಟೆವು. ಅವರು ಅರ್ಧಕ್ಕೆ ನಿಲ್ಲಿಸಿದರೆ ನಾನು ಸೊಪ್ಪು ಬಿಡಿಸುತ್ತಿದ್ದೆ, ಅತ್ತೆಯವರು ಟಿ.ವಿ. ಹಾಕುತ್ತಿದ್ದರು.

ಮಾನ್ಯರೇ, ಈಗ ಆಸ್ಪತ್ರೆಗೆ ಬರುತ್ತೇನೆ.

ನನ್ನ ನಾದಿನಿಗೆ ರಕ್ತದೊತ್ತಡ ಏರುತ್ತಿದೆಯೆಂದು ವೈದ್ಯೆ ಮುಂಚಿನಿಂದಲೂ ಎಚ್ಚರಿಸಿದ್ದರು. ಒಂದು ಮಧ್ಯಾಹ್ನ ಅವಳ ಕಣ್ಣು ಮಂಜಾಗಿ, ತಲೆ ಸಿಡಿಯುವಂತಾಗಿ, ಬೇಕರಿಯ ವ್ಯಾನಿನಲ್ಲೇ ಬ್ರೆಡ್ಡಿನ ಟ್ರೇಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ನಾನು ಪ್ರಕಟಣೆಯನ್ನು ಜೊತೆಯವಳಿಗೆ ಒಪ್ಪಿಸಿ ಸಮವಸ್ತ್ರದಲ್ಲೇ ಓಡಿಬಂದೆ. ತಕ್ಷಣ ಆಪರೇಷನ್ ಮಾಡದಿದ್ದರೆ ಇಬ್ಬರಿಗೂ ಕಷ್ಟ ಎಂದರು. ಒಳಗಿನ ಕೋಣೆಯವರೆಗೆ ಮನೆಯವರು ಒಬ್ಬರು ಮಾತ್ರ ಬರಬಹುದಿತ್ತು. ಬೇಕರಿಯವರು ನರ್ಸಮ್ಮನ ಕೈಗವಸು ನೋಡಿಯೇ ಬೆಂಚಿಗೆ ಒರಗಿದ್ದರು, ಅತ್ತೆಯವರ ಮಂಡಿ ನಿಲ್ಲುತ್ತಿರಲಿಲ್ಲ. ನಮ್ಮವರು ಎದ್ದು ತಂಗಿಯ ಜೊತೆ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಆ ಕಾಯುವಿಕೆಯನ್ನು ನಾನು ವರ್ಣಿಸುವುದಿಲ್ಲ. ತಾವು ಅದರಲ್ಲಿ ನಿಷ್ಣಾತರು, ನಾನು ಹೇಳಿಕೊಡುವಂಥದ್ದೇನೂ ಇಲ್ಲ. ಆದರೆ ತಮ್ಮ ಚಿತ್ರಗಳಲ್ಲಿ ಇಲ್ಲದ ಒಂದು ಸಂಗತಿ ಅಲ್ಲಿತ್ತು. ಅತ್ತೆಯವರು ಮಗಳ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು, ಮತ್ತು ಅದು ಅವರಿಗೆ ಗೊತ್ತೇ ಇರಲಿಲ್ಲ.

ಕೊನೆಗೆ ಆ ಬಾಗಿಲು ಅಲುಗಾಡಿತು. ಅದರ ಅಡಿಯಲ್ಲಿ ಗೇಣಗಲ ಸಂದು ಇದ್ದದ್ದರಿಂದ ಮೊದಲು ನಮಗೆ ಕಂಡದ್ದು ನಮ್ಮವರ ಬೂಟುಗಳು. ಬಾಗಿಲ ತನಕ ಬಂದವು, ನಿಂತವು. ಹೊರಗೆ ಬರಲಿಲ್ಲ. ಆಮೇಲೆ ಬಾಗಿಲು ಇಷ್ಟಿಷ್ಟೇ ತೆರೆಯಿತು. ಕಾರಿಡಾರಿನ ಟ್ಯೂಬ್‌ಲೈಟು ತಾನೂ ತಮ್ಮ ಶಿಷ್ಯನೇ ಎಂಬಂತೆ ಮಿಣಕು ಮಿಣಕು ಎನ್ನುತ್ತಿತ್ತು. ನಮ್ಮವರು ಹೊರಗೆ ಬಂದು, ನಮ್ಮನ್ನು ನೋಡದೆ ನಮ್ಮ ಹಿಂದಿನ ಗೋಡೆಯನ್ನು ನೋಡುತ್ತಾ ನಿಂತುಬಿಟ್ಟರು.

"ಏನಾಯ್ತು, ಹೇಳೋ" ಎಂದರು ಅತ್ತೆ.

ನಮ್ಮವರು ಬಾಯಿ ತೆರೆದರು, ಮುಚ್ಚಿದರು. ಕೈಯೆತ್ತಿದರು. ತಿರುಗಿ ಬಾಗಿಲ ಕಡೆ ನೋಡಿದರು. ಬೇಕರಿಯವರು ಬೆಂಚಿನಿಂದ ಜಾರಿ ನೆಲಕ್ಕೆ ಕುಸಿದರು. ಮಾನ್ಯರೇ, ನನ್ನ ಎದೆಯಲ್ಲಿ ಹುಟ್ಟಿದ್ದು ದುಃಖವಲ್ಲ, ಕೆಂಡದಂಥ ಸಿಟ್ಟು. ಇಂಥ ಹೊತ್ತಿನಲ್ಲೂ ಈ ಮನುಷ್ಯ ಮುಖ್ಯವಾದ ತುಂಡನ್ನು ಹಿಂದಕ್ಕೆ ಹಿಡಿದಿದ್ದಾನಲ್ಲ ಎಂದುಕೊಂಡೆ. ಅತ್ತೆಯವರೂ ಅದನ್ನೇ ಅಂದುಕೊಂಡಿರಬೇಕು. ನಿಲ್ಲದ ಮಂಡಿಗಳ ಮೇಲೆ ಎದ್ದು ನಿಂತು, ಕಾರಿಡಾರಿನ ಅಷ್ಟೂ ಜನರ ಎದುರು, ನಡುವಯಸ್ಸಿನ ಮಗನ ಕೆನ್ನೆಗೆ ಫಟಾರನೆ ಬಾರಿಸಿದರು. ಅದಕ್ಕೆ ಮುಂಚೆ ಯಾವ ನಿಶ್ಶಬ್ದವೂ ಇರಲಿಲ್ಲ, ಯಾವ ಸೂಚನೆಯೂ ಇರಲಿಲ್ಲ.

ಅಷ್ಟರಲ್ಲಿ ನಮ್ಮವರ ಹಿಂದಿನಿಂದ ನರ್ಸಮ್ಮ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಬಂದು, "ತಾಯಿ ಮಗು ಇಬ್ಬರೂ ಹುಷಾರಾಗಿದ್ದಾರೆ. ಹೆಣ್ಣುಮಗು. ಮಗುಗೆ ಬಟ್ಟೆ ಕೊಡಿ" ಎಂದರು. ಒಂದೇ ಉಸಿರು. ಎಷ್ಟು ಬೇಕೋ ಅಷ್ಟು ಮಾತು, ಯಾವುದು ಮೊದಲು ಬೇಕೋ ಅದೇ ಮೊದಲು. ಪ್ರಕಟಣೆಯ ವೃತ್ತಿಯಲ್ಲಿ ತಲೆ ನೆರೆತ ನಾನು ಅಂಥ ಪ್ರಕಟಣೆಯನ್ನು ಹೇಳಿಲ್ಲ, ಕೇಳಿಲ್ಲ. ಬೇಕರಿಯವರು ನೆಲದ ಮೇಲಿಂದಲೇ ಅವರಿಗೆ ಕೈಮುಗಿದರು.

ಅಳು, ನಗು, ಬಟ್ಟೆ ಹುಡುಕಾಟ ಎಲ್ಲ ಮುಗಿದ ಮೇಲೆ ನೋಡಿದರೆ ನಮ್ಮವರು ಅಲ್ಲಿರಲಿಲ್ಲ. ನಾಲ್ಕು ಮಾತು ಬೈದೇಬಿಡುವುದೆಂದು ನಾನು ಹುಡುಕಿಕೊಂಡು ಹೋದೆ. ಆಸ್ಪತ್ರೆಯ ಹಿಂದೆ, ಒಗೆದ ಹಾಸಿಗೆಬಟ್ಟೆಗಳನ್ನು ಒಣಗಹಾಕುವ ಕಡೆ, ಮೆಟ್ಟಿಲ ಮೇಲೆ ಕುಳಿತಿದ್ದರು. ಕೆನ್ನೆಯ ಮೇಲೆ ಅತ್ತೆಯವರ ಬೆರಳುಗಳು ಮೂಡಿದ್ದವು. ನಾನು ಶುರುಮಾಡುವ ಮೊದಲೇ ಅವರು ಹೇಳಿದರು:

"ಮಾತು ಬರ್ಲಿಲ್ಲ ಕಣೇ. ನಿಜವಾಗ್ಲೂ ಬರ್ಲಿಲ್ಲ."

ಒಳಗೆ ಅವರಿಗೆ ಪರದೆಯ ಈಚೆ ನಿಲ್ಲಿ ಎಂದಿದ್ದರಂತೆ. ಪರದೆಯ ಕೆಳಗೆ ಓಡಾಡುವ ಕಾಲುಗಳು ಮಾತ್ರ ಕಾಣುತ್ತಿದ್ದವಂತೆ. ಯಾವುದೋ ಯಂತ್ರದ ಸದ್ದು ಬರುತ್ತಿತ್ತು, ಅದು ನಿಂತಿತು, ಆಮೇಲೆ ಯಾರೂ ಮಾತಾಡಲಿಲ್ಲ. ಮಗು ಅಳುವುದು ತಡವಾಯಿತು. "ದಿನಾ ಇದನ್ನೇ ತಾನೇ ಕತ್ತರಿಸ್ತೀನಿ. ಆದ್ರೆ ಮುಂದೆ ಏನು ಬರುತ್ತೆ ಅಂತ ನಂಗೆ ಯಾವಾಗ್ಲೂ ಗೊತ್ತಿರುತ್ತೆ. ಇವತ್ತು ಗೊತ್ತಿರ್ಲಿಲ್ಲ" ಎಂದರು. ಮಗು ಅತ್ತ ಮೇಲೆ ಓಡಿಬಂದು ಹೇಳಬೇಕೆಂದಿದ್ದರು, ಬಾಗಿಲ ಹತ್ತಿರ ಬಂದಾಗ ಒಂದಕ್ಷರವೂ ಹೊರಡಲಿಲ್ಲ. ಅಷ್ಟೇ. ಅದು ಅವರ ಜೀವಮಾನದ ಒಂದೇ ಒಂದು ನಿಜವಾದ ಮೌನವಾಗಿತ್ತು, ಮತ್ತು ನಾವು ಯಾರೂ ಅದನ್ನು ನಂಬಲಿಲ್ಲ. ನಾನೂ ನಂಬಲಿಲ್ಲ. ಬೈಯಲೆಂದು ಹೋದವಳು ಅವರ ಪಕ್ಕದಲ್ಲಿ ಕುಳಿತು, ಒದ್ದೆ ಬಟ್ಟೆಗಳು ಗಾಳಿಗೆ ಬಡಿದುಕೊಳ್ಳುವುದನ್ನು ನೋಡುತ್ತಾ ಅವರ ಕೈ ಹಿಡಿದುಕೊಂಡೆ.

ಇದನ್ನು ಕೇಳಿ ತಮ್ಮ ಕಣ್ಣು ತೇವವಾಗಬಹುದೆಂದು ನಾನು ಭ್ರಮಿಸಿದ್ದೆ. ನಮ್ಮವರು ರಜೆ ಕೇಳಲು ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಾಗ, ತಾವು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಆ ಬೂಟುಗಳು ಅದ್ಭುತ ಎಂದಿರಂತೆ. ಮೆಟ್ಟಿಲಿನ ದೃಶ್ಯವನ್ನು ಕೈಬಿಟ್ಟು ಆಸ್ಪತ್ರೆಯ ಕಾರಿಡಾರನ್ನೇ ಚಿತ್ರಕ್ಕೆ ಹಾಕೋಣವೆಂದೂ, ಮಿಣಕುವ ಟ್ಯೂಬ್‌ಲೈಟು ಇರಲಿ, ತಾಯಿ ಹೊಡೆಯುವುದೂ ಇರಲಿ, ಆದರೆ ನರ್ಸಮ್ಮ ಬೇಗ ಬಂದು ಎಲ್ಲವನ್ನೂ ಕೆಡಿಸುತ್ತಾಳೆ, ಅವಳನ್ನು ಕತ್ತರಿಸಿ ಹಾಕಿ ಎಂದೂ ಅಪ್ಪಣೆಯಾಯಿತಂತೆ. ಮರುದಿನವೇ ತಮ್ಮ ವಸ್ತ್ರವಿಭಾಗದವರು ನಮ್ಮ ಮನೆಗೆ ಬಂದು ಆ ಬೂಟುಗಳನ್ನು ಕೇಳಿದರು. ಅತ್ತೆಯವರು ಅವರಿಗೆ ಚಹಾ ಕೊಟ್ಟರು. ಬೂಟು ಕೊಡಲಿಲ್ಲ.

ತಮ್ಮ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ನಮ್ಮ ಮನೆಯ ಅತ್ಯಂತ ಕೆಟ್ಟ ಕ್ಷಣದಲ್ಲಿ ಕತ್ತರಿಸಬೇಕಾದದ್ದು ನರ್ಸಮ್ಮನನ್ನೇ ಎಂದು ಕಂಡುಹಿಡಿಯಲು ಸಾಮಾನ್ಯರಿಂದ ಆಗದು. ಆದರೂ ಈ ಅಲ್ಪಳ ಕೆಲವು ಬಿನ್ನಹಗಳಿವೆ. ನರ್ಸಮ್ಮನನ್ನು ಕತ್ತರಿಸಬೇಡಿ, ಬದಲಿಗೆ ತಮ್ಮ ಎಲ್ಲ ಚಿತ್ರಗಳಿಗೂ ಅವರನ್ನು ಹಾಕಿಕೊಳ್ಳಿ. ನಾಯಕಿ ಮೆಟ್ಟಿಲು ಹತ್ತುವಾಗ ಅವರು ಎದುರಿಗೆ ಇಳಿದು ಬಂದು, ಮೇಲೆ ಒಬ್ಬ ಕೊಲೆಗಾರನಿದ್ದಾನೆ, ಚಾಕು ಇದೆ, ಹಿತ್ತಲ ಬಾಗಿಲು ತೆರೆದಿದೆ, ಚಪ್ಪಲಿ ಹಾಕಿಕೊಂಡು ಹೊರಡಮ್ಮಾ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗಲಿ. ಪರದೆಯ ಹಿಂದೆ ನಿಲ್ಲುವವರಿಗೆ ಒಂದು ಕುರ್ಚಿಯನ್ನೂ, ಬಂದ ಉದ್ದೇಶ ತಿಳಿಸುವ ಒಂದು ಫಲಕವನ್ನೂ ಒದಗಿಸಬೇಕು. ಬೆಕ್ಕುಗಳನ್ನು ಬೀರುವಿನಿಂದ ಬಿಡುಗಡೆ ಮಾಡಬೇಕು. ಇವೆಲ್ಲ ಅಸಾಧ್ಯವೆಂದಾದರೆ ಒಂದನ್ನಾದರೂ ನಡೆಸಿಕೊಡಿ: ಮೌನವೆಂಬುದನ್ನು ಅಷ್ಟು ಧಾರಾಳವಾಗಿ ಖರ್ಚು ಮಾಡಬೇಡಿ. ಕೆಲಸದವರು ಅದನ್ನು ಮನೆಗೂ ಕೊಂಡೊಯ್ಯುತ್ತಾರೆ, ಮತ್ತು ನಿಜವಾಗಿ ಬೇಕಾದ ದಿನ ಅದಕ್ಕೆ ಬೆಲೆಯಿರುವುದಿಲ್ಲ.

ನಮ್ಮವರ ಸ್ಥಿತಿ ತಿಳಿಸುತ್ತೇನೆ. ಕೆನ್ನೆಯ ಊತ ಇಳಿದಿದೆ. ಅತ್ತೆಯವರು ಕ್ಷಮೆ ಕೇಳಲಿಲ್ಲ, ಆದರೆ ಒಂದು ವಾರ ಮಗನ ತಟ್ಟೆಗೆ ತಾವೇ ಬಡಿಸಿದರು. ನಮ್ಮಲ್ಲಿ ಅದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮೊನ್ನೆ ಸಂಜೆ ನಮ್ಮವರು ಬಾಗಿಲಲ್ಲಿ ನಿಂತು, ತಂಗಿಯ ಮನೆಗೆ ಹೋಗಿದ್ದೆ, ಅವಳ ಒತ್ತಡ ಇಳಿದಿದೆ, ಮಗು ನನ್ನ ಮೂಗು ಹಿಡಿದುಕೊಂಡಿತು, ಬಿಡಲೇ ಇಲ್ಲ ಎಂದು ಎಲ್ಲವನ್ನೂ ಒಟ್ಟಿಗೆ ಹೇಳಿಬಿಟ್ಟರು. ಹೇಳಿದ ಮೇಲೆ ಇನ್ನೇನಾದರೂ ಉಳಿಯಿತೇ ಎಂದು ತಾವೇ ಯೋಚಿಸುತ್ತಾ ನಿಂತರು. ಏನೂ ಉಳಿದಿರಲಿಲ್ಲ. ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಾ ಕುಳಿತೆ. ತಮ್ಮ ಯಾವ ಚಿತ್ರವನ್ನೂ ನಾನು ಅಷ್ಟು ಮೈಮರೆತು ನೋಡಿಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ.

ಎಲ್ಲವನ್ನೂ ಮೊದಲೇ ಹೇಳಿಬಿಡುವ ಕೆಟ್ಟ ಅಭ್ಯಾಸದ, ಆದರೂ ತಮ್ಮ ವಿಶ್ವಾಸಿ,

ತಮ್ಮ ಸಂಕಲನಕಾರರ ಹೆಂಡತಿ

ತಾ.ಕ.: ತಾಯಿ ಮಗನಿಗೆ ಹೊಡೆಯುವ ದೃಶ್ಯವನ್ನು ಬಿಡಲು ತಮಗೆ ಮನಸ್ಸೇ ಇಲ್ಲವೆಂದು ಕೇಳಿ, ತಾಯಿಯ ಪಾತ್ರವನ್ನು ಸ್ವತಃ ಮಾಡುವುದಾಗಿ ಅತ್ತೆಯವರು ಸಂತೋಷದಿಂದ ಒಪ್ಪಿದ್ದಾರೆ. ಸಂಭಾವನೆ ಬೇಡ, ಮೇಕಪ್ಪು ಬೇಡ, ತಾಲೀಮು ಬೇಡ. ಮಗನ ಪಾತ್ರವನ್ನು ನಿರ್ದೇಶಕರಾದ ತಾವೇ ವಹಿಸಬೇಕೆಂಬುದೊಂದೇ ಅವರ ಷರತ್ತು. ತಾವು ಯಾವ ದಿನ ಬಿಡುವಾಗಿದ್ದೀರೆಂದು ತಿಳಿಸುವ ಅಗತ್ಯವಿಲ್ಲ. ಅವರು ಆಗಲೇ ಹೊರಟಿದ್ದಾರೆ.